ಎಣಿಸುವವರನ್ನು ಮಾತಾಡಿಸಬಾರದ ಮನೆ

ನಮ್ಮ ಮನೆಯಲ್ಲಿ ಬಾಯಿ ತೆರೆಯುವ ಮೊದಲು ಎಲ್ಲರೂ ಒಮ್ಮೆ ಪಡಸಾಲೆಯ ಕಡೆ ನೋಡುತ್ತಿದ್ದೆವು. ಅಲ್ಲಿ ಯಾರಾದರೂ ತಂತಿ ಸುತ್ತುತ್ತ ಕುಳಿತಿದ್ದರೆ ಮಾತನ್ನು ಹಾಗೇ ನುಂಗಿಕೊಳ್ಳಬೇಕು. ಅಡುಗೆಮನೆಯಲ್ಲಿ ಉಪ್ಪು ತೀರಿದ್ದಿರಲಿ, ನನಗೆ ಹೊಟ್ಟೆ ಹಸಿದದ್ದಿರಲಿ, ಬಾಗಿಲಲ್ಲಿ ನೆಂಟರೇ ಬಂದು ನಿಂತಿರಲಿ, ಆ ಸುತ್ತು ಮುಗಿಯುವ ತನಕ ಕಾಯಬೇಕು. ಹಗರಿಬೊಮ್ಮನಹಳ್ಳಿಯಲ್ಲಿ ಅಪ್ಪನದು ವೈಂಡಿಂಗ್ ಅಂಗಡಿ. ಅಂಗಡಿ ಎಂದರೆ ಬೇರೆ ಜಾಗವಲ್ಲ, ನಮ್ಮ ಪಡಸಾಲೆಯೇ. ಸುತ್ತಲಿನ ಹಳ್ಳಿಗಳ ಹೊಲಗಳಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳು ಟ್ರ್ಯಾಕ್ಟರಿನಲ್ಲೋ ಎತ್ತಿನ ಗಾಡಿಯಲ್ಲೋ ನಮ್ಮ ಕಟ್ಟೆಗೆ ಬಂದು ಇಳಿಯುತ್ತಿದ್ದವು. ಅವುಗಳ ಒಳಗಿನ ಕರಿ ತಂತಿ ಕಿತ್ತು, ಎಷ್ಟು ಸುತ್ತು ಇತ್ತೆಂದು ಎಣಿಸಿ, ಕೈಚಕ್ರ ತಿರುಗಿಸಿ ಮರದ ಅಚ್ಚಿನ ಮೇಲೆ ಹೊಸ ತಾಮ್ರದ ತಂತಿಯನ್ನು ಅಷ್ಟೇ ಸುತ್ತು ಸುತ್ತಿ ಮತ್ತೆ ಒಳಗೆ ಕೂರಿಸಬೇಕು. ಎಣಿಕೆ ತಪ್ಪಿದರೆ ಮೋಟಾರು ನಮ್ಮ ಮನೆಯಲ್ಲಿ ಚೆನ್ನಾಗಿಯೇ ತಿರುಗಿ, ಯಾರದೋ ಬಾವಿಯ ದಂಡೆಗೆ ಹೋಗಿ ಸುಡುತ್ತದೆ. ಆಗ ಆ ಮನುಷ್ಯ ಮೋಟಾರಿನ ಜೊತೆ ತನ್ನ ಬಾಯನ್ನೂ ಹೊತ್ತುಕೊಂಡು ಬರುತ್ತಾನೆ. ಅದಕ್ಕೇ ನಮ್ಮ ಮನೆಯಲ್ಲಿ ಒಂದೇ ಒಂದು ಕಟ್ಟುನಿಟ್ಟು: ಎಣಿಸುವವರನ್ನು ಮಾತಾಡಿಸಬಾರದು. ಬೇರೆ ಮನೆಗಳಲ್ಲಿ ಮಕ್ಕಳಿಗೆ ದೊಡ್ಡವರು ಎದುರಿಗಿದ್ದಾಗ ಸುಮ್ಮನಿರಲು ಕಲಿಸುತ್ತಾರೆ. ನನಗೆ ಚಕ್ರ ತಿರುಗುವಾಗ ಸುಮ್ಮನಿರಲು ಕಲಿಸಿದರು.

ಪಡಸಾಲೆಯ ಹಿಂದೆ ನಡುಮನೆ, ಅದರ ಮೂಲೆಯಲ್ಲಿ ದೇವರ ಜಗಲಿ, ಆಮೇಲೆ ಅಡುಗೆಮನೆ, ಹಿತ್ತಲಲ್ಲಿ ಬೇವಿನ ಮರ ಮತ್ತು ಬಚ್ಚಲು. ವಾರ್ನಿಷ್ ವಾಸನೆ ಮಾತ್ರ ಈ ಯಾವ ಗೋಡೆಯನ್ನೂ ಲೆಕ್ಕಿಸುತ್ತಿರಲಿಲ್ಲ. ಸುತ್ತಿದ ತಂತಿಗೆ ವಾರ್ನಿಷ್ ಹೊಯ್ದು, ದೊಡ್ಡ ಬಲ್ಬು ಹಚ್ಚಿಟ್ಟು ಒಣಗಿಸುವ ದಿನ ಅವ್ವ ಮೂಗಿಗೆ ಸೆರಗು ಸುತ್ತಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಜೋಳದ ರೊಟ್ಟಿಗೂ ಪುಂಡಿಪಲ್ಯಕ್ಕೂ ಅದೇ ವಾಸನೆ. ಬೆಳಗಿನ ಲಿಂಗಪೂಜೆಗೆ ಕುಳಿತವಳು ಅರ್ಧದಲ್ಲಿ ಕಣ್ಣು ಬಿಟ್ಟು ಜಗಳ ತೆಗೆಯುತ್ತಿದ್ದಳು.

"ನನ್ನ ಇಬೂತಿಗೂ ನಿನ್ನ ವಾರ್ನಿಷ್ ವಾಸನಿ ಹತ್ತೈತಿ. ದೇವರು ನಮ್ಮನಿಗೆ ಬರಾಕ ಹೇಸ್ತಾನ ನೋಡು."

"ಬರದಿದ್ರ ಬಿಡ್ಲಿ," ಅಪ್ಪ ಅನ್ನುತ್ತಿದ್ದ. "ಹುಡುಗರು ಬರ್ತಾರಲ್ಲ, ಸಾಕು."

ಹುಡುಗರೆಂದರೆ ಕೆಲಸ ಕಲಿಯಲು ಬಂದವರು. ಹೊಳಲು, ಇಟ್ಟಿಗಿ, ಅರಸೀಕೆರೆ, ಕೊಟ್ಟೂರಿನ ಆಚೆ ಈಚೆ, ಹೀಗೆ ಎಲ್ಲೆಲ್ಲಿಂದಲೋ ಬರುತ್ತಿದ್ದರು. ಪರೀಕ್ಷೆಯಲ್ಲಿ ಫೇಲಾದವರು, ತಂದೆಯಿಲ್ಲದವರು, ಶಾಲೆಯ ಮುಖವನ್ನೇ ಸರಿಯಾಗಿ ನೋಡದವರು. ಅಪ್ಪ ಯಾರನ್ನೂ ಏನು ಓದಿದ್ದೀ ಎಂದು ಕೇಳಿ ಸೇರಿಸಿಕೊಳ್ಳಲಿಲ್ಲ. ಮೊದಲು ಬಿದಿರು ಸೀಳಿ ಕಡ್ಡಿ ಮಾಡುವುದು, ತಂತಿಯ ಕೆಳಗೆ ಹಾಕುವ ಪೇಪರು ಕತ್ತರಿಸುವುದು. ಕೈ ಪಳಗಿದ ಮೇಲೆ ಚಕ್ರ. ಕೊನೆಗೊಂದು ದಿನ ಯಾರ ಸಹಾಯವೂ ಇಲ್ಲದೆ ಒಂದು ಇಡೀ ಮೋಟಾರು ಸುತ್ತಬೇಕು. ಅದು ತಿರುಗಿತೆಂದರೆ ಅವ್ವ ಮೋಟಾರಿಗೂ ಹುಡುಗನಿಗೂ ಒಟ್ಟಿಗೇ ವಿಭೂತಿ ಹಚ್ಚುತ್ತಿದ್ದಳು, ಮಧ್ಯಾಹ್ನ ಹೋಳಿಗೆ ಊಟ. ಅಪ್ಪ ತಾನೇ ಕೆತ್ತಿದ ಜಾಲಿ ಮರದ ಒಂದು ಪಟ್ಟಿಯನ್ನು ಹುಡುಗನ ಕೈಗಿಡುತ್ತಿದ್ದ. ತಂತಿಯನ್ನು ತಟ್ಟಿ ಕೂರಿಸಲು ಬಳಸುವ, ಗೇಣುದ್ದದ ಪಟ್ಟಿ. ಕೂಡ್ಲಿಗಿಯಿಂದ ಹಡಗಲಿಯ ತನಕ ಆಗ ಆ ಪಟ್ಟಿಗೆ ಬೆಲೆಯಿತ್ತು. ಅದನ್ನು ತೋರಿಸಿದರೆ ಯಾವ ಅಂಗಡಿಯವರಾದರೂ ಕೆಲಸ ಕೊಡುತ್ತಿದ್ದರು. ಅದೇ ಅವರ ಸರ್ಟಿಫಿಕೇಟು. ನಮ್ಮಪ್ಪ ಎಂಥ ದೊಡ್ಡ ಮನುಷ್ಯ ಎಂದು ನಾನು ಉಬ್ಬಿ ಓಡಾಡುತ್ತಿದ್ದ ಕಾಲ ಅದು. ಈಗಲೂ ದೊಡ್ಡ ಮನುಷ್ಯನೆಂದೇ ಹೇಳುತ್ತೇನೆ. ಆ ಮನೆಯಲ್ಲಿ ಸಣ್ಣವಳಾದದ್ದು ನಾನು.

ಎಲ್ಲವೂ ಚೆನ್ನಾಗಿತ್ತೆಂದು ಬರೆದರೆ ಅವ್ವನ ತಟ್ಟೆಗಳು ನನ್ನನ್ನು ನೋಡಿ ನಗುತ್ತವೆ. ಹುಡುಗರ ಊಟ ನಮ್ಮಲ್ಲೇ. ಅವ್ವ ಅವರಿಗೆ ನನಗಿಂತ ಹೆಚ್ಚು ತುಪ್ಪ ಬಡಿಸುತ್ತಿದ್ದಳು, ಜ್ವರ ಬಂದರೆ ಕಷಾಯ ಕಾಯಿಸುತ್ತಿದ್ದಳು. ಆದರೆ ಅವರ ತಟ್ಟೆಗಳು ಬಾಗಿಲ ಪಕ್ಕದ ಗೂಡಿನಲ್ಲಿ, ನಮ್ಮವು ಒಳಗಿನ ಗೋಡೆಯ ಮಾಡದಲ್ಲಿ. ಒಮ್ಮೆ ಅಪ್ಪ ಆ ಗೂಡಿನಿಂದ ಒಂದು ತಟ್ಟೆ ತೆಗೆದುಕೊಂಡು ಬಂದು ಅದರಲ್ಲೇ ಉಂಡ. ಅವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಎಲ್ಲ ತಟ್ಟೆಗಳನ್ನೂ ಒಟ್ಟಿಗೆ ತೊಳೆದು ಒಟ್ಟಿಗೆ ಜೋಡಿಸಿದಳು, ಒಂದು ವಾರದ ಮೇಲೆ ಸದ್ದಿಲ್ಲದೆ ಮತ್ತೆ ಬೇರೆ ಮಾಡಿದಳು. ಅಪ್ಪ ನೋಡಿದ, ಸುಮ್ಮನಾದ.

ಹುಡುಗರು ಅಪ್ಪನನ್ನು ಉಸ್ತಾದ್ ಎನ್ನುತ್ತಿದ್ದರು. ಅವರಲ್ಲಿ ತಾವೇ ಮಾಡಿಕೊಂಡ ಒಂದು ಪದ್ಧತಿಯಿತ್ತು. ಉಸ್ತಾದರ ಎದುರು ನಿಂತು ತನಗಾಗಿ ಏನನ್ನೂ ಕೇಳಬಾರದು. ಊರಿಗೆ ಹೋಗಬೇಕೆಂದರೂ, ಅಕ್ಕನ ಮದುವೆಗೆ ರಜೆ ಬೇಕೆಂದರೂ ಮನೆಯವರ ಬಾಯಿಂದ ಕೇಳಿಸಬೇಕು. ಒಮ್ಮೆ ಬಂದ ಉತ್ತರವೇ ಉತ್ತರ. ಎರಡನೇ ಸಲ ಕೇಳಿದರೆ ಉಸ್ತಾದರ ಮಾತಿಗೆ ಬೆಲೆ ಕೊಡಲಿಲ್ಲವೆಂದಾಗುತ್ತದೆ. ಇದು ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ. ನನಗಂತೂ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಆ ಬಾಯಿ ಹೆಚ್ಚಾಗಿ ನನ್ನದೇ ಆಗಿರುತ್ತಿತ್ತು. ಸಂಜೆ ಅಪ್ಪ ಕೈಕಾಲು ತೊಳೆದು, ಚಹಾದ ಮೊದಲ ಗುಟುಕು ಕುಡಿದು, ಎರಡನೆಯದನ್ನು ಕುಡಿಯುವ ಮೊದಲು ಕೇಳಬೇಕು. ಆ ಹದ ನನಗೆ ಸಿದ್ಧಿಸಿತ್ತು. ಹುಡುಗರು ನನ್ನನ್ನು ಸಣ್ಣ ಉಸ್ತಾದ್ ಎಂದು ಕರೆದು ಬಸ್ ಸ್ಟ್ಯಾಂಡಿನ ಮಿರ್ಚಿ ತಂದುಕೊಡುತ್ತಿದ್ದರು. ನಾನೊಬ್ಬ ದೊಡ್ಡ ವಕೀಲಳೆಂದೇ ತಿಳಿದಿದ್ದೆ.

ಮೈಲಮ್ಮ ನಮ್ಮ ಮನೆಗೆ ಬಂದದ್ದು ಒಂದು ಸುಟ್ಟ ಮೋಟಾರಿನ ಜೊತೆ. ಅವಳ ಕಾಕಾ ಇಟ್ಟಿಗಿಯಿಂದ ಟ್ರ್ಯಾಕ್ಟರಿನಲ್ಲಿ ಮೋಟಾರು ತಂದಿದ್ದ, ಪೇಟೆ ನೋಡಲೆಂದು ಇವಳೂ ಹತ್ತಿ ಬಂದಿದ್ದಳು. ಅವಳಿಗೆ ಹದಿನಾರು ಹದಿನೇಳು ಇರಬೇಕು, ನನಗಿಂತ ಮೂರು ವರ್ಷ ದೊಡ್ಡವಳು. ಗೋಡೆಗೆ ಒರಗಿ ಕುಳಿತು ಚಕ್ರವನ್ನೇ ನೋಡುತ್ತಿದ್ದಳು. ಹಾಲೇಶ ಎಂಬ ಹುಡುಗ ಸುತ್ತುತ್ತಿದ್ದ. ಹೊರಗೆ ಯಾರೋ ಕೂಗಿದರು, ಅವನು ತಿರುಗಿ ನೋಡಿದ, ಮತ್ತೆ ಸುತ್ತಿ ಅರವತ್ತೆರಡು ಎಂದು ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದ. ಆಗ ಇವಳು ನೆಲ ನೋಡುತ್ತ ಹೇಳಿದಳು.

"ಅರವತ್ತಾತು. ಅರವತ್ತೆಲ್ಡಲ್ಲ."

ಅಪ್ಪ ಕೈಯಲ್ಲಿದ್ದ ಕಟಿಂಗ್ ಪ್ಲೇಯರ್ ಕೆಳಗಿಟ್ಟ. "ಹೆಂಗ ಹೇಳ್ತಿ?"

"ಆ ಅಣ್ಣ ಹೊಳ್ಳಿ ನೋಡಿದಾಗ ಐವತ್ತೆಂಟಿತ್ರಿ. ಆಮ್ಯಾಲ ಎಲ್ಡ ಸುತ್ಯಾನ."

ಬಿಚ್ಚಿ ಎಣಿಸಿದರು. ಅರವತ್ತು. ಹಾಲೇಶನ ಮುಖ ಸಣ್ಣದಾಯಿತು. ಅಪ್ಪ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದ.

"ಓದೀಯೇನು?"

"ಹತ್ತನೇತ್ತಿ ಪಾಸಾಗೀನ್ರಿ."

"ಮುಂದ?"

"ಮುಂದ ಕುರಿ ಹಿಂದ ಹೋಗಾದ್ರಿ."

ಅವಳ ಅಪ್ಪ ಅವ್ವ ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಹೊಳೆಯ ಕಡೆಯ ಗದ್ದೆಗಳಿಗೆ ಹೋಗುವವರು. ಹೊಲದವರು ಗೊಬ್ಬರಕ್ಕಾಗಿ ರಾತ್ರಿ ತಮ್ಮ ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಿದ್ದರು. ಊರಿಗೆ ಮರಳುವುದು ಮಳೆ ಬಿದ್ದ ಮೇಲೆ. ಹುಡುಗಿಯನ್ನು ಕೆಲಸ ಕಲಿಯಲು ಬಿಡಿ ಎಂದು ಅಪ್ಪ ಕಾಕಾನ ಕೈಯಲ್ಲಿ ಅವರಿಗೆ ಹೇಳಿ ಕಳಿಸಿದ, ಅವರು ಒಪ್ಪಿದರು. ಒಂದು ತಿಂಗಳಲ್ಲಿ ಅವಳವ್ವ ಮಗಳನ್ನು ಕರೆದುಕೊಂಡು ಬಂದಳು, ಹೆಗಲ ಮೇಲಿಂದ ಹೊಸ ಕರಿ ಕಂಬಳಿಯೊಂದನ್ನು ತೆಗೆದು ನಮ್ಮವ್ವನ ಮುಂದಿಟ್ಟಳು. "ನಮ್ಮ ಹುಡುಗಿ ನಿಮ್ಮ ಉಡ್ಯಾಗ ಅದಾಳ್ರಿ ಯವ್ವ" ಎಂದಷ್ಟೇ ಹೇಳಿ, ಕುರಿ ಬಿಟ್ಟು ಬಂದೀನಿ ಎಂದು ನೀರೂ ಕುಡಿಯದೆ ಹೊರಟಳು. ಹೀಗೆ ಅಂಗಡಿಗೆ ಮೊದಲ ಹುಡುಗಿ ಬಂದಳು. ನಡುಮನೆಯಲ್ಲಿ ನನ್ನ ಪಕ್ಕ ಅವಳ ಹಾಸಿಗೆ. ಮೈಲಕ್ಕ ಎಂದು ಕರೆಯತೊಡಗಿದೆ. ಅವಳು ನನ್ನ ಜಡೆ ಹೆಣೆದಳು, ನನಗೆ ಬಾರದ ಗಣಿತ ಹೇಳಿಕೊಟ್ಟಳು, ನನ್ನ ಪಾಲಿನ ಬಿದಿರು ಕಡ್ಡಿಗಳನ್ನೂ ತಾನೇ ಸೀಳಿದಳು. ನನಗೆ ಅಕ್ಕ ಇರಲಿಲ್ಲ. ಇದ್ದಿದ್ದರೆ ಹೀಗೇ ಇರುತ್ತಿದ್ದಳೇನೋ ಎಂದುಕೊಂಡು ಅವಳಿಂದ ಎಲ್ಲ ಕೆಲಸವನ್ನೂ ಮಾಡಿಸಿಕೊಂಡೆ.

ಅವಳ ಎಣಿಕೆಯೇ ಬೇರೆ. ಅವರ ಮನೆಯಲ್ಲಿ ಕುರಿ ಎಣಿಸುವುದು ಇಪ್ಪತ್ತರ ಲೆಕ್ಕದಲ್ಲಂತೆ. ಇಪ್ಪತ್ತು ಕುರಿ ದಾಟಿದರೆ ಉಡಿಯಲ್ಲೊಂದು ಹುಣಸೆ ಬೀಜ, ಮತ್ತೆ ಒಂದರಿಂದ. ಚಕ್ರದ ಮುಂದೆಯೂ ಹಾಗೇ ಕುಳಿತಳು. ಬಲಗೈ ಚಕ್ರ ತಿರುಗಿಸುತ್ತಿತ್ತು, ಎಡಗೈ ತಂತಿ ಹಿಡಿದಿರುತ್ತಿತ್ತು, ಇಪ್ಪತ್ತಾದಾಗ ಒಂದು ಕ್ಷಣ ನಿಲ್ಲಿಸಿ ಪಕ್ಕದ ಡಬ್ಬಿಯಿಂದ ಒಂದು ಬೀಜ ತೆಗೆದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಹುಡುಗರು ಕುರಿ ಲೆಕ್ಕ ಎಂದು ನಕ್ಕರು. ಆರು ತಿಂಗಳಲ್ಲಿ ಎಲ್ಲರ ಪಕ್ಕದಲ್ಲೂ ಒಂದೊಂದು ಡಬ್ಬಿ ಹುಣಸೆ ಬೀಜ ಬಂತು, ಅಪ್ಪನ ಪಕ್ಕದಲ್ಲೂ. ಅವಳ ಕೈಯಿಂದ ಹೋದ ಒಂದು ಮೋಟಾರೂ ಸುಟ್ಟು ವಾಪಸು ಬರಲಿಲ್ಲ. ಒಮ್ಮೆ ಬಂದವರ ಮುಂದೆ ಅಪ್ಪ ನನ್ನನ್ನೂ ಅವಳನ್ನೂ ನೋಡಿ ಹೇಳಿದ, "ನನ್ನ ಮಗಳಿಗೆ ಬರದ ಕೈ ಈಕಿಗೆ ಬಂದೈತಿ." ಅವನು ಸಂತೋಷಕ್ಕೆ ಹೇಳಿದ್ದು. ನಾನು ಒಳಗೆ ಹೋಗಿ ಹಿತ್ತಲ ಬಾಗಿಲನ್ನು ದಡ್ಡೆಂದು ಹಾಕಿದೆ.

ಫಾರಂ ತಂದವರು ನಮ್ಮ ಶಾಲೆಯ ಗಣಿತದ ಟೀಚರ್. ಮಿಕ್ಸಿ ಕೆಟ್ಟಿದೆಯೆಂದು ಬಂದವರು ಮೈಲಕ್ಕ ಅದನ್ನು ಬಿಚ್ಚಿ ಜೋಡಿಸುವುದನ್ನು ಅರ್ಧ ಗಂಟೆ ನಿಂತು ನೋಡಿದ್ದರು. ಮುಂದಿನ ವಾರ ಐಟಿಐ ಸೇರುವ ಅರ್ಜಿ ಹಿಡಿದು ಮತ್ತೆ ಬಂದರು. ಅಪ್ಪ ಯಾರದೋ ಬಾವಿಯಿಂದ ಮೋಟಾರು ಎತ್ತಿಸಲು ಹೋಗಿದ್ದ. ಟೀಚರ್ ಕಟ್ಟೆಯ ಮೇಲೆ ಕುಳಿತೇ ಹೇಳಿದರು.

"ಎಲೆಕ್ಟ್ರಿಷಿಯನ್ ಟ್ರೇಡಿನಾಗ ಹುಡುಗ್ಯಾರ ಸೀಟು ಹಂಗ ಖಾಲಿ ಅದಾವ. ಇರಾಕ ಹಾಸ್ಟೆಲ್ ಐತಿ. ಎಲ್ಡು ವರ್ಷ ಅಷ್ಟ. ಆಮ್ಯಾಲ ಲೈಟ್ ಆಫೀಸಿನ ಕೆಲಸಕ್ಕೂ ನೀನು ಅರ್ಜಿ ಹಾಕಬೌದು. ಇಲ್ಲಿ ನೀ ಎಷ್ಟು ಕಲತ್ರೂ ಅವ್ರು ಕಾಗದ ಕೇಳ್ತಾರ."

"ನಮ್ಮಪ್ಪ ಕುರಿ ಹಿಂದ ಅದಾನ್ರಿ ಟೀಚರ್. ಸಹಿ?"

"ಉಸ್ತಾದ್ರು ಪೋಷಕರು ಅಂತ ಮಾಡಿದ್ರೂ ನಡೀತೈತಿ. ಸೋಮವಾರ ಗಿರಿಜಾನ ಕೈಯಾಗ ಕಳಿಸು, ನಾನ ಕೊಟ್ಟು ಬರ್ತೀನಿ. ಅವತ್ತ ಕಡೀ ದಿನ," ಎಂದು ನನ್ನ ಕಡೆ ನೋಡಿದರು.

ಆ ಮಧ್ಯಾಹ್ನ ಮೈಲಕ್ಕ ಬೇವಿನ ಮರದ ಕೆಳಗೆ ಕುಳಿತು ಒಂದೊಂದೇ ಅಕ್ಷರ ಜೋಡಿಸಿ ಫಾರಂ ತುಂಬಿದಳು. ತಪ್ಪಾದೀತೆಂದು ಮೊದಲು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದು ನೋಡಿ ಆಮೇಲೆ ಫಾರಂ ಮೇಲೆ ಬರೆದಳು. ಪೋಷಕರ ಸಹಿ ಎಂಬ ಗೆರೆಯೊಂದು ಖಾಲಿ ಉಳಿಯಿತು. ಎರಡು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟಳು.

"ನೀ ಹೇಳಿದ್ರ ಕೇಳ್ತಾರ. ಚಾ ಕುಡಿಯಾಗ ಕೇಳು."

ಅವಳು ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಊರಿಗೆ ಹೋಗಲೂ ಕೇಳಿರಲಿಲ್ಲ, ಅವಳ ಅಪ್ಪ ಅವ್ವ ಊರಲ್ಲಿ ಇರುತ್ತಿದ್ದದ್ದೇ ಕಡಿಮೆ. ಫಾರಂ ನನ್ನ ಭೂಗೋಳದ ಪುಸ್ತಕದೊಳಗೆ ಸೇರಿತು. ಅಂದು ಸಂಜೆ ಅಪ್ಪ ಕೈಕಾಲು ತೊಳೆದ, ಚಹಾದ ಮೊದಲ ಗುಟುಕು ಕುಡಿದ, ಎರಡನೆಯದನ್ನೂ ಕುಡಿದ. ನಾನು ಬಾಗಿಲಲ್ಲಿ ನಿಂತಿದ್ದೆ. ಅವ್ವ ಹಿಂದಿನ ವಾರವಷ್ಟೇ ಹೇಳಿದ್ದಳು, ಮೈಲಮ್ಮ ಮದುವೆಯಾಗಿ ಹೋದ ಮೇಲೆ ಚಕ್ರದ ಮುಂದೆ ಗಿರಿಜಾನೇ ಕೂರಬೇಕಲ್ಲ, ಮನೆ ಕೆಲಸ ಮನೆಯವರಿಗೆ ಬರದಿದ್ದರೆ ಹೇಗೆ ಎಂದು. ನನಗೆ ಓದಬೇಕಿತ್ತು, ದೊಡ್ಡ ಊರಿನ ಕಾಲೇಜಿಗೆ ಹೋಗಬೇಕಿತ್ತು. ಮೈಲಕ್ಕ ಹೋದರೆ ಆ ಚಕ್ರ ನನ್ನ ಕೊರಳಿಗೆ ಬೀಳುತ್ತದೆ. ಅವಳು ಇಲ್ಲಿದ್ದಷ್ಟು ದಿನ ನಾನು ಪುಸ್ತಕ ಹಿಡಿದು ಕೂರಬಹುದು. ಇದು ನನ್ನ ಹೆದರಿಕೆ. ಅದರ ಕೆಳಗೆ ಇನ್ನೊಂದಿತ್ತು, ಹೇಳಿಯೇ ಬಿಡುತ್ತೇನೆ: ನನ್ನ ಮಗಳಿಗೆ ಬರದ ಕೈ ಎಂಬ ಮಾತು ಇನ್ನೂ ಉರಿಯುತ್ತಿತ್ತು. ಅವಳಿಗೆ ಕೈಯೂ ಇರಲಿ, ಕಾಗದವೂ ಸಿಗಲಿ ಎನ್ನುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. ಅಪ್ಪ ಲೋಟ ಕೆಳಗಿಟ್ಟು ಎದ್ದುಹೋದ.

ಭಾನುವಾರ ಅವಳು ಪೇಪರು ಕತ್ತರಿಸುತ್ತ ಕುಳಿತಿದ್ದಳು. ಚಕ್ರದ ಮುಂದಿದ್ದಿದ್ದರೆ ನಾನು ಮಾತಾಡುವಂತೆಯೇ ಇರಲಿಲ್ಲ, ಬಚಾವಾಗುತ್ತಿದ್ದೆ. ತಲೆಯೆತ್ತಿ ನನ್ನನ್ನು ನೋಡಿದಳು.

"ಕೇಳಿದೆ," ಎಂದೆ. "ಬ್ಯಾಡ ಅಂದ್ರು."

ಅವಳ ಕತ್ತರಿ ನಿಂತಿತು. "ಸಿಟ್ಟಾದ್ರೇನು?"

"ಇಲ್ಲ. ಇಲ್ಲೇ ಎಲ್ಲಾ ಕಲತೀಯಲ್ಲ, ಅಲ್ಲೇನ್ ಕಲಸ್ತಾರ ಅಂದ್ರು."

ಈ ಮಾತನ್ನು ನಾನು ಹುಟ್ಟಿಸಿದ್ದಲ್ಲ. ಅಪ್ಪ ಐಟಿಐ ಕಲಿತವರನ್ನು ಕಂಡರೆ ಹೀಗೇ ಹಂಗಿಸುತ್ತಿದ್ದ. ಪುಸ್ತಕ ಓದಿದವರ ಮಾತು ಮೋಟಾರಿಗೆ ತಿಳಿಯುವುದಿಲ್ಲ ಎನ್ನುತ್ತಿದ್ದ. ಸುಳ್ಳು ಹೇಳುವವರಿಗೆ ಇಂಥ ನಿಜದ ಚೂರೊಂದು ಕೈಗೆ ಸಿಕ್ಕರೆ ಎಷ್ಟು ಅನುಕೂಲ. ಮೈಲಕ್ಕ ಕತ್ತರಿಸಿದ ಪೇಪರುಗಳನ್ನು ಒಟ್ಟುಮಾಡಿ ಬದಿಗಿಟ್ಟಳು.

"ಹಂಗಾದ್ರ ಆತು ಬಿಡು. ಫಾರಂ ಕೊಡು ಇತ್ಲಾಗ."

ಎರಡನೇ ಸಲ ಕೇಳುವುದಿರಲಿಲ್ಲ. ಉಸ್ತಾದರ ಮಾತು ಒಂದೇ ಸಲ. ಅವಳು ಆ ಪದ್ಧತಿಯನ್ನು ಬೇರೆ ಎಲ್ಲರಿಗಿಂತ ಚೆನ್ನಾಗಿ ಪಾಲಿಸುತ್ತಾಳೆಂದು ನನಗೆ ಗೊತ್ತಿತ್ತು, ಆ ಧೈರ್ಯದ ಮೇಲೆಯೇ ಸುಳ್ಳು ಹೇಳಿದ್ದು. ಸೋಮವಾರ ಶಾಲೆಯಲ್ಲಿ ಟೀಚರ್ ಕೈ ಚಾಚಿದಾಗ, ಮೈಲಕ್ಕನ ಮನೆಯವರು ಒಪ್ಪಲಿಲ್ಲ ಟೀಚರ್ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕುರಿಯವರಿಗೆ ಎಷ್ಟು ಹೇಳಿದರೂ ಅಷ್ಟೇ ಎಂದರು. ಆ ಮಾತು ಹೊಲಗಳಲ್ಲಿ ಎಲ್ಲೋ ಕುರಿ ಕಾಯುತ್ತಿದ್ದ ಅವಳ ಅಪ್ಪ ಅವ್ವನ ಮೇಲೆ ಬಿತ್ತು. ಅವರಿಗೆ ಫಾರಂ ಬಂದದ್ದೂ ಗೊತ್ತಿರಲಿಲ್ಲ.

ಒಂದೆರಡು ದಿನ ಬಿಟ್ಟು ಅಪ್ಪ ಒಂದು ದೊಡ್ಡ ಮೋಟಾರಿನ ಸುತ್ತಿನ ಲೆಕ್ಕ ಬರೆದುಕೊಡಲು ಅವಳಿಗೆ ಹೇಳಿದ. ಪ್ರತಿ ಮೋಟಾರಿನ ಲೆಕ್ಕವನ್ನೂ ಚೀಟಿಯಲ್ಲಿ ಬರೆದು, ಗೋಡೆಯ ಮೊಳೆಗೆ ತೂಗುಬಿಟ್ಟ ತಂತಿಗೆ ಚುಚ್ಚುವುದು ರೂಢಿ. ಅವಳು ಫಾರಂನ ಖಾಲಿ ಬೆನ್ನಿನ ಮೇಲೆ ಬರೆದಳು. ಅಷ್ಟು ದಪ್ಪ ಒಳ್ಳೆಯ ಕಾಗದ ನಮ್ಮ ಮನೆಯಲ್ಲಿ ಬೇರೆ ಇರಲಿಲ್ಲ. ಅಪ್ಪ ಅದನ್ನು ಹಿಡಿದು, ಬೆಳಕಿಗೆ ಸರಿದು, ಅಂಕಿಗಳನ್ನು ಓದಿದ. "ಛಲೋ ಬರದಿ ನೋಡವ್ವ" ಎಂದ. ನಾನು ನಡುಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ. ಅವನು ಕಾಗದವನ್ನು ತಿರುಗಿಸಿ ನೋಡಲಿಲ್ಲ. ತಂತಿಗೆ ಚುಚ್ಚಿದ.

ಅವಳೂ ತನ್ನ ಮೋಟಾರು ಸುತ್ತಿದಳು, ಅದೂ ತಿರುಗಿತು. ಅವ್ವ ವಿಭೂತಿ ಹಚ್ಚಿ, ಹೆಣ್ಣುಮಗಳೆಂದು ಉಡಿಗೆ ಕುಬಸದ ಬಟ್ಟೆ ಹಾಕಿದಳು. ಅಪ್ಪ ಪಟ್ಟಿ ಕೊಟ್ಟ. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ಅಂದಿನ ಹೋಳಿಗೆ ನನಗೆ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ನಿಜವೆಂದರೆ ನಾನು ಮೂರು ತಿಂದೆ. ಮರುವರ್ಷ ನಾನು ಕಾಲೇಜಿಗೆ ಹೊರಟೆ, ಬಸ್ ಸ್ಟ್ಯಾಂಡಿಗೆ ನನ್ನ ಟ್ರಂಕು ಹೊತ್ತು ತಂದವಳು ಮೈಲಕ್ಕ. ಆಮೇಲೆ ಅವಳ ಮದುವೆ ಹರಪನಹಳ್ಳಿ ಹತ್ತಿರದ ಅರಸೀಕೆರೆಯ ಕಡೆಗಾಯಿತು. ಹಾಲೇಶ ಅಪ್ಪನ ಪಟ್ಟಿ ಹಿಡಿದು ಹರಪನಹಳ್ಳಿಯಲ್ಲಿ ಅಂಗಡಿ ತೆರೆದಿದ್ದ, ಅವನ ಹಿಂದಿನ ಕೋಣೆಯಲ್ಲಿ ಅವಳು ಸುತ್ತಲು ಕುಳಿತಳು. ಮುಂದೆ ಹಾಲೇಶನ ಹೆಸರಿನ ಬೋರ್ಡು. ಅವನು ಕೆಟ್ಟವನಲ್ಲ, ಅವಳನ್ನು ಅಕ್ಕಾ ಎನ್ನುತ್ತಾನೆ, ಕಷ್ಟದ ಮೋಟಾರು ಬಂದರೆ ಅವಳನ್ನು ಕೇಳದೆ ಮುಟ್ಟುವುದಿಲ್ಲ. ಆದರೆ ಒಬ್ಬ ಹೆಂಗಸಿಗೆ ಜಾಲಿ ಮರದ ಪಟ್ಟಿ ನೋಡಿ ಅಂಗಡಿಗೆ ಜಾಗ ಕೊಡುವವರು ಯಾರೂ ಇರಲಿಲ್ಲ, ಬರುಬರುತ್ತ ಪಟ್ಟಿಯ ಕಾಲವೂ ಹೋಯಿತು. ಎಲ್ಲ ಕಡೆ ಕಾಗದ ಕೇಳತೊಡಗಿದರು. ಆ ಕಾಗದವಿದ್ದಿದ್ದರೆ ಅವಳಿಗೆ ಲೈಟ್ ಆಫೀಸಿನ ಕೆಲಸ ಸಿಗುತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಸಿಗುತ್ತದೋ ಇಲ್ಲವೋ ಎಂದು ತಾನೇ ಹೋಗಿ ನೋಡುವ ಹಕ್ಕು ಅವಳದಾಗಿತ್ತು.

ನಾನು ಕೂಡ್ಲಿಗಿಯಲ್ಲಿ, ಓದು ಅರ್ಧಕ್ಕೆ ನಿಂತ ಹುಡುಗ ಹುಡುಗಿಯರಿಗೆ ತರಬೇತಿ ಕೊಡಿಸಿ ಕೆಲಸಕ್ಕೆ ಸೇರಿಸುವ ಒಂದು ಕೇಂದ್ರದಲ್ಲಿ ಬಹಳ ವರ್ಷ ದುಡಿದೆ, ಈಗಲೂ ವಾರಕ್ಕೆ ಮೂರು ದಿನ ಹೋಗುತ್ತೇನೆ. ಹುಡುಗಿಯೊಬ್ಬಳು ಬಂದರೆ ಮೊದಲು ಅವಳ ಜೊತೆ ಬಂದವರನ್ನೆಲ್ಲ ಹೊರಗೆ ಕೂರಿಸುತ್ತೇನೆ. ಅಪ್ಪ, ಅಣ್ಣ, ಮೇಷ್ಟ್ರು, ಯಾರಾದರೂ ಸರಿ. ನಿನಗೇನು ಬೇಕು, ನಿನ್ನ ಬಾಯಿಂದ ಹೇಳು ಎನ್ನುತ್ತೇನೆ. ಸಹಿ ಬೇಕೆಂದರೆ ಮಧ್ಯಾಹ್ನದ ಬಿಸಿಲಲ್ಲೂ ಬಸ್ ಹತ್ತಿ ಅವಳ ಊರಿಗೆ ಹೋಗಿ, ಅವಳ ಎದುರಿಗೇ ಅವಳ ಅಪ್ಪನನ್ನು ಕೇಳುತ್ತೇನೆ. ಹೊಸದಾಗಿ ಸೇರಿದವರು ಇದನ್ನು ಮೇಡಂ ಪದ್ಧತಿ ಎಂದು ಹೊಗಳುತ್ತಾರೆ. ಪದ್ಧತಿಯಲ್ಲ, ಭಯ. ಎಲ್ಲಾದರೂ ಬಾಗಿಲಲ್ಲಿ ಭೂಗೋಳದ ಪುಸ್ತಕ ಹಿಡಿದ ಹುಡುಗಿಯೊಬ್ಬಳು ನಿಂತಿರುತ್ತಾಳೆಂಬ ಭಯ.

ಇಷ್ಟೂ ವರ್ಷ ನನಗೆ ಒಂದು ಊರುಗೋಲಿತ್ತು. ಕೇಳಿದ್ದರೂ ಅಪ್ಪ ಬೇಡವೆನ್ನುತ್ತಿದ್ದ, ನಾನು ಹೇಳಿದ್ದು ಅವನ ಮನಸ್ಸಿನಲ್ಲಿದ್ದದ್ದೇ ಎಂದುಕೊಂಡು ನಡೆಯುತ್ತಿದ್ದೆ. ಅಪ್ಪ ತೀರಿಕೊಳ್ಳುವ ಹಿಂದಿನ ವರ್ಷ ಅದೂ ಕೈಬಿಟ್ಟಿತು. ಕಟ್ಟೆಯ ಮೇಲೆ ಬೆಳಗಿನ ಎಳೆ ಬಿಸಿಲಿಗೆ ಅವನನ್ನು ಕೂರಿಸಿ, ಕೇಂದ್ರದ ಹುಡುಗಿಯೊಬ್ಬಳಿಗೆ ಹಾಸ್ಟೆಲ್ ಸಿಕ್ಕ ಸುದ್ದಿ ಹೇಳುತ್ತಿದ್ದೆ. ಅವನು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ.

"ನಮ್ಮ ಮೈಲವ್ವ ಇಂಥಾದ್ದೇನಾರ ಕೇಳ್ತಾಳೇನೋ ಅಂತ ನಾನೂ ನೋಡಿದೆ. ಅಕಿ ಕೇಳಲಿಲ್ಲ. ಕೇಳಿದ್ರ ನಾನ ಕರಕೊಂಡು ಹೋಗಿ ಸೇರಿಸಿ ಬರ್ತಿದ್ದೆ."

"ನೀ ಐಟಿಐದವರನ್ನ ಬೈತಿದ್ದಿಯಲ್ಲಪ್ಪ."

"ಬೈತಿದ್ದೆ. ನನಗ ಸಿಗಲಿಲ್ಲಲ್ಲ, ಅದಕ್ಕ ಬೈತಿದ್ದೆ."

ಆಗಲಾದರೂ ಹೇಳಬಹುದಿತ್ತು. ಅವನ ಶಾಲು ಸರಿಮಾಡಿ ಹೊದಿಸಿದೆ, ಅಷ್ಟೇ. ತಾನು ಮೆಚ್ಚಿದ ಕೈಯ ಹುಡುಗಿಗೆ ಮುಂದೆ ಹೋಗುವ ಆಸೆಯೇ ಇರಲಿಲ್ಲ ಎಂದು ನಂಬಿಕೊಂಡೇ ಅವನು ಹೋದ. ತನ್ನ ಉಸ್ತಾದರಿಗೆ ತನ್ನನ್ನು ಕಳಿಸಲು ಮನಸ್ಸಿರಲಿಲ್ಲ ಎಂದು ನಂಬಿಕೊಂಡು ಅವಳು ಹರಪನಹಳ್ಳಿಯಲ್ಲಿ ಕುಳಿತಿದ್ದಳು. ಅಪ್ಪನ ದಿನಕ್ಕೆ ಬಂದವಳು ಎಲ್ಲರಿಗಿಂತ ಹೆಚ್ಚು ಅತ್ತಳು. ಅವಳ ಹೆಗಲ ಮೇಲೆ ಕೈ ಇಟ್ಟು ಸಮಾಧಾನ ಮಾಡಿದವಳೂ ನಾನೇ.

ಪಡಸಾಲೆ ಖಾಲಿ ಮಾಡುವಾಗ ತಂತಿಗೆ ಚುಚ್ಚಿದ ಚೀಟಿಗಳ ನಡುವೆ ಆ ಫಾರಂ ಸಿಕ್ಕಿತು. ನಡುವೆ ತುಕ್ಕಿನ ತೂತು, ಅಂಚು ಕಂದಿತ್ತು. ಒಂದು ಮಗ್ಗುಲಲ್ಲಿ ಸುತ್ತುಗಳ ಲೆಕ್ಕ, ಇನ್ನೊಂದರಲ್ಲಿ ಅವಳು ಜೋಡಿಸಿದ ಅಕ್ಷರಗಳು. ಸಹಿಯ ಗೆರೆ ಇನ್ನೂ ಖಾಲಿ. ಮರುದಿನ ಅದನ್ನು ಚೀಲದಲ್ಲಿಟ್ಟುಕೊಂಡು ಹರಪನಹಳ್ಳಿಯ ಬಸ್ ಹತ್ತಿದೆ.

ಹಾಲೇಶನ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದೇ ಕಿಟಕಿ, ಅದರ ಬೆಳಕು ಸರಿಯಾಗಿ ಚಕ್ರದ ಮೇಲೆ ಬೀಳುತ್ತದೆ. ಮೈಲಕ್ಕ ಕನ್ನಡಕ ಹಾಕಿಕೊಂಡಿದ್ದಳು. ಕೂದಲು ಮುಕ್ಕಾಲು ಬೆಳ್ಳಗಾಗಿದೆ. ನನ್ನನ್ನು ನೋಡಿ ಮುಖ ಅರಳಿತು.

"ಬಂದೇನು? ಕುಂದ್ರು ಕುಂದ್ರು. ಇದೊಂದು ಮುಗಿಸ್ತೀನಿ, ಆಮ್ಯಾಲ ಚಾ ಕುಡಿಯಾನು."

ನಾನು ಖಾಲಿ ಡಬ್ಬವೊಂದನ್ನು ಬೋರಲು ಹಾಕಿ ಕುಳಿತೆ. ಚಕ್ರ ತಿರುಗತೊಡಗಿತು. ಕಾಯಬಹುದಿತ್ತು. ಆದರೆ ಅದು ಮುಗಿದರೆ ಅವಳ ಬಾಯಿ ಬಿಡುವಾಗುತ್ತದೆ, ಅವಳು ನನ್ನನ್ನು ತಿರುಗಿ ಕೇಳುತ್ತಾಳೆ, ಯಾಕೆಂದು ಕೇಳುತ್ತಾಳೆ. ಎಣಿಸುವವರು ಮಾತಾಡುವಂತಿಲ್ಲ. ಅಪ್ಪನ ಮನೆಯ ಆ ಒಂದೇ ಕಟ್ಟುನಿಟ್ಟನ್ನು ನಾನು ನನ್ನ ರಕ್ಷಣೆಗೆ ಹಿಡಿದುಕೊಂಡೆ. ಅವಳ ಮಡಿಲಿಗೆ ಎರಡನೆಯ ಹುಣಸೆ ಬೀಜ ಬಿದ್ದ ಮೇಲೆ ಬಾಯಿ ಬಿಟ್ಟೆ. ಫಾರಂ ಅವಳ ಮುಂದೆ ಬಿಡಿಸಿಟ್ಟೆ.

"ಮೈಲಕ್ಕ, ನಾ ಅವತ್ತು ಅಪ್ಪನ್ನ ಕೇಳಲೇ ಇಲ್ಲ. ಬ್ಯಾಡ ಅಂದ್ರು ಅಂತ ಸುಳ್ಳ ಹೇಳಿದೆ. ನೀ ಹೋದ್ರ ಚಕ್ರದ ಮುಂದ ನಾ ಕುಂದ್ರಬೇಕಾಗ್ತಿತ್ತು, ಅದಕ್ಕ. ಅಪ್ಪ ಆಮ್ಯಾಲ ಹೇಳಿದ, ನೀ ಕೇಳಿದ್ರ ತಾನ ಕರಕೊಂಡು ಹೋಗಿ ಸೇರಸ್ತಿದ್ದೆ ಅಂತ."

ಚಕ್ರ ನಿಲ್ಲಲಿಲ್ಲ. ಅವಳು ತಲೆಯೆತ್ತಲೂ ಇಲ್ಲ. ಅದೇ ವೇಗ, ಅದೇ ಸದ್ದು. ಕೇಳಿಸಲಿಲ್ಲವೇನೋ ಎಂದುಕೊಂಡೆ, ಒಂದು ಕ್ಷಣ ಹಾಗೆಂದು ಆಸೆಪಟ್ಟೆ. ಆಮೇಲೆ ಚಕ್ರ ನಿಲ್ಲಿಸಿದಳು, ಬಲಗೈ ಬೀಜದ ಡಬ್ಬಿಗೆ ಹೋಗಿ ಅಲ್ಲೇ ನಿಂತಿತು. ಅವಳು ಮಡಿಲಲ್ಲಿದ್ದ ಬೀಜಗಳನ್ನು ನೋಡಿದಳು, ಅಚ್ಚಿನ ಮೇಲಿನ ತಂತಿಯನ್ನು ನೋಡಿದಳು, ಮತ್ತೆ ಬೀಜಗಳನ್ನು. ತುಟಿ ಏನೋ ಹುಡುಕುವಂತೆ ಅಲುಗಿತು. ಬೀದಿಯಲ್ಲಿ ಕೂಗಾಟವಾದರೂ, ಮನೆಯಲ್ಲಿ ಜಗಳ ಹತ್ತಿದರೂ, ಒಮ್ಮೆ ಪಡಸಾಲೆಗೆ ಗೂಳಿ ನುಗ್ಗಿದಾಗಲೂ ತಪ್ಪದಿದ್ದ ಎಣಿಕೆ ಅದು.

ಅವಳು ತಂತಿಯನ್ನು ಪೂರ್ತಿ ಬಿಚ್ಚಿದಳು. ಬೀಜಗಳನ್ನು ಡಬ್ಬಿಗೆ ಹಾಕಿದಳು. ಆಮೇಲೆ ಫಾರಂ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ತನ್ನ ಹದಿನೇಳರ ಅಕ್ಷರಗಳನ್ನು ಮೇಲಿನಿಂದ ಕೆಳಗಿನ ತನಕ ಓದಿದಳು. ಖಾಲಿ ಗೆರೆಯ ಮೇಲೆ ಹೆಬ್ಬೆರಳನ್ನು ಒಮ್ಮೆ ಆಡಿಸಿದಳು. ನನಗೆ ವಾಪಸು ಕೊಡಲಿಲ್ಲ.

"ಗಿರಿಜಾ," ಎಂದಳು, ನನ್ನನ್ನು ನೋಡದೆ. "ಸ್ವಲ್ಪ ಹೊರಗ ಹೋಗಿ ಕುಂದ್ರು. ಎಣಿಕಿ ತಪ್ಪೈತಿ. ಮೊದಲಿಂದ ಸುತ್ತಬೇಕು."

ನಾನು ಎದ್ದು ಹೊರಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆ. ಹಾಲೇಶ ಯಾರೊಡನೆಯೋ ಮಾತಾಡುತ್ತಿದ್ದ, ಒಂದು ಟ್ರ್ಯಾಕ್ಟರು ಬಂದು ಮೋಟಾರು ಇಳಿಸಿ ಹೋಯಿತು. ಹಿಂದಿನ ಕೋಣೆಯ ಕಡೆ ಕಿವಿಯಿಟ್ಟು ಕಾದೆ. ಬಹಳ ಹೊತ್ತಾದರೂ ಚಕ್ರದ ಸದ್ದು ಶುರುವಾಗಲಿಲ್ಲ.